ಪದ ಪರಿಚಯ: ಜೀವಕೋಶ

‘ಜೀವ’ ಮತ್ತು ‘ಕೋಶ’ ಎಂಬ ಸಂಸ್ಕೃತ ಶಬ್ದಗಳು ಸೇರಿ ಆದ ‘ಜೀವಕೋಶ’ವು ಕನ್ನಡದ ವಿಜ್ಞಾನ ಬರವಣಿಗೆಯಲ್ಲಿ ಇಂಗ್ಲಿಷಿನ ‘ಸೆಲ್’ ಎಂಬುದಕ್ಕೆ ಸಂವಾದಿಯಾಗಿ ನೆಲೆಗೊಂಡಿರುವ ಪದ. ‘ಸೆಲ್’ನ ಮೂಲವಾದ ಲ್ಯಾಟಿನ್ನಿನ ‘ಸೆಲ್ಲಾ’ ಎಂದರೆ ಚಿಕ್ಕ ಕೋಣೆ. ರಾಬರ್ಟ್ ಹುಕ್ 1665ರ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ, ಕಾರ್ಕಿನ ತೆಳು ಸೀಳಿನಲ್ಲಿ ಕಂಡ ಟೊಳ್ಳುಗಳಿಗೆ ಈ ಹೆಸರನ್ನು ಬಳಸಿದನು. ಅವನು ಕಂಡದ್ದು ಸತ್ತ ಸಸ್ಯಕೋಶಗಳ ಭಿತ್ತಿಗಳನ್ನು. ಪ್ರಾಣಿಯ ಜೀವಕೋಶಕ್ಕೆ ಅಂತಹ ಗಟ್ಟಿ ಭಿತ್ತಿಯೇ ಇಲ್ಲ.

‘ಕೋಶ’ಕ್ಕೆ ಬೊಕ್ಕಸ, ಕತ್ತಿಯ ಒರೆ, ರೇಷ್ಮೆಗೂಡು, ನಿಘಂಟು ಮೊದಲಾದ ಅರ್ಥಗಳಿದ್ದು, ಒಳಗಿನದನ್ನು ಕಾಯುವ ಹೊದಿಕೆ ಅಥವಾ ಭಂಡಾರವೆಂಬ ಭಾವ ಇವುಗಳಲ್ಲಿ ಸಮಾನವಾಗಿರುವುದರಿಂದ, ಪ್ರಾಣಿಕೋಶದ ರಚನೆಗೆ ಈ ಪದವು ಚೆನ್ನಾಗಿ ಒಪ್ಪುತ್ತದೆ. ಲಿಪಿಡ್ ಮತ್ತು ಪ್ರೋಟೀನುಗಳಿಂದಾದ ತೆಳುವಾದ ‘ಕೋಶಪೊರೆ’ಯು ವಸ್ತುಗಳ ಒಳಹೊರಗಿನ ಸಂಚಾರವನ್ನು ನಿಯಂತ್ರಿಸುತ್ತದೆ, ರಾಬರ್ಟ್ ಬ್ರೌನ್ 1831ರಲ್ಲಿ ‘ನ್ಯೂಕ್ಲಿಯಸ್’ ಎಂದು ಹೆಸರಿಸಿದ ‘ಕೋಶಕೇಂದ್ರ’ವು ಅನುವಂಶೀಯ ಮಾಹಿತಿಯನ್ನು ಹೊತ್ತ ಡಿಎನ್‌ಎಯನ್ನು ಕಾಪಾಡುತ್ತದೆ, ಇವೆರಡರ ನಡುವಿನ ‘ಕೋಶರಸ’ದಲ್ಲಿ ಪ್ರೋಟೀನು ಕಟ್ಟುವ ರೈಬೊಸೋಮ್, ಅದನ್ನು ಪರಿಷ್ಕರಿಸಿ ಸಾಗಿಸುವ ಗಾಲ್ಗಿ ಸಂಕೀರ್ಣ, ಆಹಾರದ ಶಕ್ತಿಯನ್ನು ಎಟಿಪಿ ಅಣುವಾಗಿಸುವ ಮೈಟೊಕಾಂಡ್ರಿಯ, ಸವೆದ ಭಾಗಗಳನ್ನು ಜೀರ್ಣಿಸುವ ಲೈಸೊಸೋಮ್ ಎಂಬ ‘ಕಣದಂಗ’ಗಳಿರುತ್ತವೆ.

‘ನರಕೋಶ’, ‘ಏಕಕೋಶ ಜೀವಿ’ ಮುಂತಾದ ಸಮಾಸಗಳಲ್ಲಿ ‘ಕೋಶ’ವೆಂದರೆ ಜೀವಕೋಶವೇ. ಆದರೆ ‘ಶ್ವಾಸಕೋಶ’, ‘ಪಿತ್ತಕೋಶ’, ‘ಮೂತ್ರಕೋಶ’ಗಳಲ್ಲಿ ಅದು ಚೀಲದಂತಹ ಅಂಗವೆಂಬ ಅರ್ಥದಲ್ಲಿ ಬಂದಿದ್ದು, ಅಂತಹ ಒಂದೊಂದು ಅಂಗವೂ ಅಸಂಖ್ಯ ಜೀವಕೋಶಗಳಿಂದ ಆಗಿರುವುದರಿಂದ, ಈ ಎರಡು ಬಳಕೆಗಳನ್ನು ವಿದ್ಯಾರ್ಥಿಗಳು ಬೇರ್ಪಡಿಸಿ ಅರಿಯುವುದು ಅಗತ್ಯ.