‘ಹೋದ’, ‘ಹೋಗ್ಯಾನ’ ಮತ್ತು ಇಂಗ್ಲಿಷ್ ವ್ಯಾಕರಣ

ನಮ್ಮ ಅಜ್ಜನ ಹಳೆಯ ಟ್ರಂಕಿನಲ್ಲಿ ಒಂದು ಅರ್ಜಿಯ ಕರಡು ಇದೆ. ಕಟಕೋಳದಲ್ಲಿ ಕುಳಿತು, ಕಾರಕೂನಿಕೆಯನ್ನು ಬೇಡಿ ಬರೆದದ್ದು. ಅದರ ಎರಡನೆಯ ವಾಕ್ಯ ಹೀಗಿದೆ: ‘ಐ ಹ್ಯಾವ್ ಪಾಸ್ಡ್ ದಿ ಮ್ಯಾಟ್ರಿಕ್ಯುಲೇಶನ್ ಇನ್ 1941.’ ‘ಹ್ಯಾವ್’ ಎಂಬ ಶಬ್ದದ ಮೇಲೆ ಯಾರೋ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಿದ್ದಾರೆ. ಇಸವಿಯನ್ನು ಹೇಳಿದ ಮೇಲೆ ಬರಿಯ ‘ಪಾಸ್ಡ್’ ಎನ್ನಬೇಕು, ‘ಹ್ಯಾವ್’ ಕೂಡದು. ಇಂಗ್ಲಿಷಿನ ಪೂರ್ಣ ವರ್ತಮಾನ ಕಾಲದ ಈ ಒಂದು ಕಟ್ಟಳೆಯನ್ನು ಮೀರಿ ಬರೆಯದ ಕನ್ನಡಿಗ ಅರ್ಜಿದಾರ ಅಂದಿನ ದಿನಗಳಲ್ಲಿ ವಿರಳನೇ ಇದ್ದಿರಬೇಕು. ತಪ್ಪು ಅಜ್ಞಾನದಿಂದ ಬಂದದ್ದೆಂದು ಮಾಸ್ತರರು ಭಾವಿಸುತ್ತಿದ್ದರು. ನನಗೆ ಹಾಗೆ ತೋರುವುದಿಲ್ಲ.

ಕಟಕೋಳದ ಯಾವ ಮನೆಯ ಬಾಗಿಲಲ್ಲಾದರೂ ನಿಂತು ಕೇಳಿರಿ:

‘ನಿಮ್ಮಪ್ಪ ಮನ್ಯಾಗ ಅದಾನೇನೋ?’

‘ಇಲ್ಲರೀ, ರಾಮದುರ್ಗಕ್ಕ ಹೋಗ್ಯಾನ.’

ಹುಡುಗನು ‘ಹೋದ’ ಎನ್ನಲಿಲ್ಲ, ‘ಹೋಗಿದ್ದ’ ಎಂದೂ ಅನ್ನಲಿಲ್ಲ. ‘ಹೋಗ್ಯಾನ’ ಎಂದರೆ ಅಪ್ಪನು ಇನ್ನೂ ಅಲ್ಲಿಯೇ ಇದ್ದಾನೆ, ಈಗ ಮನೆಯಲ್ಲಿ ಸಿಕ್ಕಲಾರ ಎಂದು ಅರ್ಥ. ‘ಹೋಗಿದ್ದ’ ಎಂದಿದ್ದರೆ ಅಪ್ಪನು ಹೋಗಿ ತಿರುಗಿ ಬಂದಂತಾಯಿತು. ‘ಹೋದ’ ಎಂದರೆ ಬರಿಯ ಕಥೆ. ಮೂರು ರೂಪಗಳ ಈ ಭೇದವನ್ನು ಐದು ವರುಷದ ಕೂಸು ಯಾರಿಂದಲೂ ಕಲಿಯದೆ ಬಲ್ಲದು. ಗ್ರಂಥದ ಕನ್ನಡದಲ್ಲಿ ‘ಹೋಗಿದ್ದಾನೆ’ ಎಂದು ಬರೆಯುವುದೂ ಇದನ್ನೇ: ಹೋಗಿ, ಇದ್ದಾನೆ. ಕ್ರಿಯೆ ಹಿಂದಿನದು, ಅದರ ಫಲ ಇಂದಿನದು. ಇಂಗ್ಲಿಷಿನವರ ‘ಹಿ ಹ್ಯಾಸ್ ಗಾನ್’ ಹೇಳುವುದೂ ಇಷ್ಟನ್ನೇ.

ಹಾಗಾದರೆ ತೊಡಕು ಎಲ್ಲಿದೆ? ನಮ್ಮ ‘ಹೋಗ್ಯಾನ’ಕ್ಕೆ ದಿನ, ತಾರೀಖು ಹಚ್ಚಿದರೆ ಯಾರೂ ಬೇಡವೆನ್ನರು. ‘ನಿನ್ನೆ ಹೋಗ್ಯಾನ’, ‘ಹೋದ ಸೋಮವಾರ ಹೋಗ್ಯಾನ’ ಎಲ್ಲವೂ ಶುದ್ಧ ಕನ್ನಡ. ಇಂಗ್ಲಿಷು ಮಾತ್ರ ಇಲ್ಲಿ ಹಟ ಹಿಡಿಯುತ್ತದೆ: ಗತಿಸಿಹೋದ ಒಂದು ಹೊತ್ತನ್ನು ಹೆಸರಿಸಿದೆಯಾದರೆ ಕ್ರಿಯೆಯನ್ನು ಅಲ್ಲಿಯೇ ಬಿಟ್ಟುಬಿಡು ಎನ್ನುತ್ತದೆ.

ಇದಕ್ಕೆ ದೂರದ ಉದಾಹರಣೆ ಬೇಡ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಧಾರವಾಡದ ಕಲೆಕ್ಟರ ಥ್ಯಾಕರೆ ಮಡಿದನು. ಅದು ಇಂಗ್ಲಿಷಿನಲ್ಲಿ ‘ಡೈಡ್’. ರಾಣಿ ಚನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕೊನೆಯುಸಿರೆಳೆದಳು, ಅದೂ ‘ಡೈಡ್’. ಆದರೆ ಇಂದು ಕಿತ್ತೂರಿಗೆ ಹೋಗಿ ಕೋಟೆಯೊಳಗಿನ ಅರಮನೆಯ ಮುರುಕು ಗೋಡೆಗಳ ಮುಂದೆ ನಿಂತವನು ‘ದಿ ಪ್ಯಾಲೇಸ್ ಹ್ಯಾಸ್ ಫಾಲನ್’ ಎನ್ನಬಹುದು. ಬಿದ್ದು ಎಷ್ಟು ಕಾಲವಾಯಿತೆಂಬುದು ಮುಖ್ಯವಲ್ಲ. ಬಿದ್ದದ್ದು ಕಣ್ಣ ಮುಂದಿದೆ. ಅದನ್ನು ಬಿಟ್ಟು ‘ಇದೀಗ ಮುಗಿದ ಕ್ರಿಯೆಗೆ ಪ್ರೆಜೆಂಟ್ ಪರ್ಫೆಕ್ಟ್’ ಎಂದು ಬಾಯಿಪಾಠ ಮಾಡಿಸಿದವರು ನಮ್ಮ ಹುಡುಗರನ್ನು ಗಡಿಯಾರದ ಹಿಂದೆ ಓಡಿಸಿದರು. ಹಿಂದೀ ವ್ಯಾಕರಣಗಳು ಇಂಥ ರೂಪಕ್ಕೆ ‘ಆಸನ್ನ ಭೂತ’ ಎಂದು ಹೆಸರಿಟ್ಟಿವೆ, ಅಂದರೆ ಸಮೀಪದ ಭೂತಕಾಲ. ಹೆಸರಿನಲ್ಲಿಯೇ ಅರ್ಧ ಮೋಸವಿದೆ.

ಸಮೀಪ-ದೂರಗಳ ಲೆಕ್ಕ ಹಳೆಯದು, ಅದು ನಿಜ. ಪಾಣಿನಿ ಸಂಸ್ಕೃತದ ಭೂತಕಾಲವನ್ನು ಮೂರಾಗಿ ಒಡೆದನು: ಸಾಮಾನ್ಯ ಭೂತಕ್ಕೆ ಲುಙ್, ಇಂದಿನದಲ್ಲದ ಅನದ್ಯತನ ಭೂತಕ್ಕೆ ಲಙ್, ಹೇಳುವವನು ಕಣ್ಣಾರೆ ಕಾಣದ ಪರೋಕ್ಷಕ್ಕೆ ಲಿಟ್. ಎರಡು ಸಾವಿರ ವರುಷಗಳಾಚೆ, 1660ರಲ್ಲಿ, ಫ್ರಾನ್ಸಿನ ಪೋರ್ಟ್ ರಾಯಲ್ ಪಂಡಿತರು ತಮ್ಮ ಭಾಷೆಯ ಒಂದು ಭೂತರೂಪಕ್ಕೆ ಕಡೆಯ ಪಕ್ಷ ಒಂದು ದಿನವಾದರೂ ಕಳೆದಿರಬೇಕೆಂದು ವಿಧಿಸಿದರು. ಒಬ್ಬರನ್ನೊಬ್ಬರು ಅರಿಯದೆ ಇಬ್ಬರೂ ‘ಇಂದು’ ಎಂಬಲ್ಲಿಯೇ ಗೆರೆ ಎಳೆದದ್ದು ಸೋಜಿಗವಲ್ಲವೆ! ನಮ್ಮ ಕೇಶಿರಾಜನು ಹದಿಮೂರನೆಯ ಶತಮಾನದ ‘ಶಬ್ದಮಣಿದರ್ಪಣ’ದಲ್ಲಿ ಭೂತಕ್ಕೆ ‘ದ’, ಭವಿಷ್ಯಕ್ಕೆ ‘ವ’, ವರ್ತಮಾನಕ್ಕೆ ‘ದಪ’ ಎಂದು ಮೂರೇ ಕಾಲಗಳನ್ನು ಇಟ್ಟುಕೊಂಡನು. ನಮ್ಮ ಶಾಲೆಯ ವ್ಯಾಕರಣವೂ ಮೂರು ಕಾಲಗಳ ಆ ಪಂಕ್ತಿಯನ್ನೇ ಹಿಡಿಯಿತು. ಆದ್ದರಿಂದ ‘ಹೋಗಿದ್ದಾನೆ’ ಎಂಬುದಕ್ಕೆ ಪಾಠದಲ್ಲಿ ತನ್ನದೇ ಆದ ಮಣೆ ಸಿಕ್ಕಲಿಲ್ಲ.

ಇಂಗ್ಲಿಷಿನ ಮನೆಯ ಕಥೆಯನ್ನೂ ಸ್ವಲ್ಪ ನೋಡಬೇಕು. ಸಾವಿರ ವರುಷಗಳ ಹಿಂದಿನ ಇಂಗ್ಲಿಷಿನಲ್ಲಿ ಈ ‘ಹ್ಯಾವ್’ ಕಾಲಸೂಚಕವಾಗಿರಲಿಲ್ಲ. ‘ನನ್ನಲ್ಲಿದೆ’ ಎಂಬ ನೇರವಾದ ಅರ್ಥದ್ದಾಗಿತ್ತು. ‘ನನ್ನಲ್ಲಿ ಕಾಗದವಿದೆ, ಬರೆದದ್ದು’ ಎಂಬ ಧಾಟಿ. ಅದು ಸವೆದು ಸವೆದು ‘ನಾನು ಕಾಗದ ಬರೆದಿದ್ದೇನೆ’ ಆಯಿತು. ಆದರೆ ಬರುವ, ಹೋಗುವ ಕ್ರಿಯೆಗಳಿಗೆ ಅವರು ‘ಹ್ಯಾವ್’ ಹಚ್ಚುತ್ತಿರಲಿಲ್ಲ, ‘ಬಿ’ ಹಚ್ಚುತ್ತಿದ್ದರು: ‘ಹಿ ಈಸ್ ಕಮ್.’ 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಈ ಕಟ್ಟು ಧಾರಾಳವಾಗಿ ಸಿಕ್ಕುತ್ತದೆ. ‘ಈಸ್’ ಎಂದರೆ ಇದ್ದಾನೆ, ‘ಕಮ್’ ಎಂದರೆ ಬಂದು. ಬಂದಿದ್ದಾನೆ! ನಮ್ಮ ಹುಡುಗನು ಈ ಹಳೆಯ ಇಂಗ್ಲಿಷನ್ನು ಕಲಿತಿದ್ದರೆ ಬೇಗ ಪಾಸಾಗುತ್ತಿದ್ದನೋ ಏನೋ. ಕಾಲಾಂತರದಲ್ಲಿ ‘ಹ್ಯಾವ್’ ಎಲ್ಲವನ್ನೂ ನುಂಗಿತು. ತಾರೀಖಿನ ನಿಷೇಧವೂ ಆಗ ಇಷ್ಟು ಬಿಗಿಯಾಗಿರಲಿಲ್ಲ, ಬಿಗಿಯಾದದ್ದು ಬರಬರುತ್ತ. 1795ರಲ್ಲಿ ಲಿಂಡ್ಲಿ ಮರೆ ಪ್ರಕಟಿಸಿದ ವ್ಯಾಕರಣವು ಈ ಕಾಲವು ಕಳೆದುದನ್ನು ಹೇಳುತ್ತಲೇ ವರ್ತಮಾನವನ್ನೂ ಮುಟ್ಟುತ್ತದೆಂದು ಸರಿಯಾಗಿಯೇ ತಿಳಿಸಿತು.

ಮುಂಬಯಿ ವಿಶ್ವವಿದ್ಯಾಲಯ 1857ರಲ್ಲಿ ಹುಟ್ಟಿತು. ಎರಡು ವರುಷಗಳ ತರುವಾಯ ಅದರ ಮೊದಲ ಮ್ಯಾಟ್ರಿಕ್ಯುಲೇಶನ್ ನಡೆಯಿತು. ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಭಾಗದಲ್ಲಿ ಕನ್ನಡ ಸಾಲಿಯ ಮುಲ್ಕಿ ಪರೀಕ್ಷೆ ದಾಟಿದವನು ಮಾಸ್ತರನಾಗಬಹುದಿತ್ತು. ಕಚೇರಿಯ ದೊಡ್ಡ ಬಾಗಿಲು ತೆರೆಯಬೇಕಾದರೆ ಇಂಗ್ಲಿಷು ಬೇಕಿತ್ತು. 1898ರ ನೆಸ್‌ಫೀಲ್ಡ್, ಆಮೇಲೆ 1930ರ ದಶಕದ ರೆನ್ ಮತ್ತು ಮಾರ್ಟಿನ್ ಪುಸ್ತಕಗಳು ಭಾರತದ ಶಾಲೆಗಳನ್ನು ಆಳಿದವು. ಈ ರೆನ್ ಮುಂಬಯಿ ಇಲಾಖೆಯ ಶಿಕ್ಷಣ ಖಾತೆಯಲ್ಲಿದ್ದವನು. ‘ಬೋ ಜೆಸ್ಟ್’ ಎಂಬ ಸಾಹಸದ ಕಾದಂಬರಿಯನ್ನು ಬರೆದವನೂ ಅವನೇ. ಆತನ ವ್ಯಾಕರಣವನ್ನು ಉರುಹೊಡೆದವರಲ್ಲಿ ಎಷ್ಟು ಜನ ಆ ಕಾದಂಬರಿಯನ್ನು ಓದಿರುವರೋ!

ಇಲ್ಲಿಯೇ ಒಂದು ವಿಚಿತ್ರವಿದೆ. ವಿಲಿಯಂ ಕೇರಿ 1817ರಲ್ಲಿ, ಮೆಕೆರೆಲ್ 1820ರಲ್ಲಿ, ಹಾಡ್ಸನ್ 1859ರಲ್ಲಿ, ಕಿಟೆಲ್ 1903ರಲ್ಲಿ, ಸ್ಪೆನ್ಸರ್ 1914ರಲ್ಲಿ ಕನ್ನಡಕ್ಕೆ ಇಂಗ್ಲಿಷಿನಲ್ಲಿ ವ್ಯಾಕರಣಗಳನ್ನು ಬರೆದರು. ಇಂಥ ಪುಸ್ತಕ ಹಿಡಿದು ಕನ್ನಡ ಕಲಿಯುವ ಪರದೇಶದವನಿಗೆ ‘ಇರು’ ಧಾತುವನ್ನು ಕೂಡಿಸಿದ ‘ಮಾಡಿದ್ದೇನೆ’ ಎಂಬುದು ನಿನ್ನ ‘ಹ್ಯಾವ್ ಡನ್’ಗೆ ಸಮ ಎಂದು ತಿಳಿಯುತ್ತಿತ್ತು. ಇಂಗ್ಲಿಷ್ ಕಲಿಯಲು ಕುಳಿತ ಕಟಕೋಳದ ಹುಡುಗನಿಗೆ ಮಾತ್ರ ‘ಇದು ನಿನ್ನ ಹೋಗ್ಯಾನ, ತಾರೀಖು ಹಚ್ಚಬೇಡ, ಅಷ್ಟೇ’ ಎಂದು ಹೇಳುವವರಿರಲಿಲ್ಲ. ಸಾಲಿಯಲ್ಲಿ ‘ಹೋಗ್ಯಾನ’ ಎಂದರೆ ಅದು ಹಳ್ಳಿಯ ಮಾತು, ಅಶುದ್ಧ. ಅದರಿಂದ ಇಂಗ್ಲಿಷನ್ನು ವಿವರಿಸುವುದಂತೂ ದೂರವೇ ಉಳಿಯಿತು.

ಸ್ವಾತಂತ್ರ್ಯದ ನಂತರ ಪದ್ಧತಿ ಬದಲಾಯಿತು. 1958ರಲ್ಲಿ ಹೈದರಾಬಾದಿನಲ್ಲಿ ಇಂಗ್ಲಿಷ್ ಶಿಕ್ಷಣದ ಕೇಂದ್ರ ಸಂಸ್ಥೆ ತೆರೆಯಿತು. ನಮ್ಮ ವಿನಾಯಕ ಕೃಷ್ಣ ಗೋಕಾಕರು ಅದರ ನಿರ್ದೇಶಕರಾಗಿದ್ದರು. 1979ರಿಂದ 1984ರ ವರೆಗೆ ಎನ್. ಎಸ್. ಪ್ರಭು ಅವರು ನಡೆಯಿಸಿದ ‘ಬೆಂಗಳೂರು ಯೋಜನೆ’ ಇನ್ನೂ ಮುಂದೆ ಹೋಗಿ, ಸೂತ್ರಗಳನ್ನೇ ಬದಿಗಿಟ್ಟಿತು. ರೈಲಿನ ವೇಳಾಪಟ್ಟಿ, ನಕಾಶೆ ಮೊದಲಾದವುಗಳ ಸಮಸ್ಯೆಗಳನ್ನು ಬಿಡಿಸುತ್ತ ಮಕ್ಕಳು ಭಾಷೆಯನ್ನು ಹಿಡಿಯಲಿ ಎಂಬುದು ಅದರ ನಂಬುಗೆ. ಜಗತ್ತಿನ ಶಿಕ್ಷಕರು ಇಂದಿಗೂ ಅದನ್ನು ಚರ್ಚಿಸುತ್ತಾರೆ. ಒಳ್ಳೆಯ ಪ್ರಯೋಗವೇ, ಆದರೂ ಮಗುವಿನ ಮನೆಮಾತನ್ನು ಸಾಕ್ಷಿಗೆ ಕರೆಯುವ ಕೆಲಸ ಅದರದಾಗಿರಲಿಲ್ಲ.

ಮತ್ತೆ ಅಜ್ಜನ ಅರ್ಜಿಗೆ ಬರೋಣ. ಆತನ ಮನಸ್ಸಿನಲ್ಲಿದ್ದದ್ದು ‘1941ರಾಗ ಮ್ಯಾಟ್ರಿಕ್ ಪಾಸಾಗೇನಿ’ ಎಂಬ ಮಾತು. ಪಾಸಾದದ್ದು ಅಂದು, ಆದರೆ ಕೆಲಸ ಬೇಕಾದದ್ದು ಇಂದು, ಪಾಸಾದವನಾಗಿ ಸಾಹೇಬರ ಮುಂದೆ ನಿಂತಿರುವುದೂ ಇಂದು. ಬರಿಯ ‘ಪಾಸ್ಡ್’ ಎಂದರೆ ತನ್ನ ಯೋಗ್ಯತೆ ಎಲ್ಲಿಯೋ ಹಿಂದೆ ಉಳಿದಂತೆ ಆತನಿಗೆ ಕಂಡಿತಂತೆ. ಕೆಂಪು ಗೆರೆಯನ್ನು ನೋಡಿ ಬಹಳ ಹೊತ್ತು ಯೋಚಿಸಿ, ‘ಹ್ಯಾವ್’ ಎಂಬುದನ್ನು ಹಾಗೆಯೇ ಇಟ್ಟುಕೊಂಡು ಇಸವಿಯನ್ನು ಹೊಡೆದುಹಾಕಿದನು. ವ್ಯಾಕರಣ ಸರಿಯಾಯಿತು. ಅರ್ಜಿ ಕಚೇರಿಯಿಂದ ತಿರುಗಿ ಬಂತು: ಪಾಸಾದ ವರ್ಷವನ್ನು ನಮೂದಿಸಿಲ್ಲ ಎಂದು.