ಇ-ಕ್ರೀಡಾ ಪಂದ್ಯಗಳ ಮೇಲಿನ ಬಾಜಿ: ಸಾರ್ವಜನಿಕರ ಮಾಹಿತಿಗಾಗಿ

ಗೊತ್ತುಪಡಿಸಿದ ನಿಯಮಗಳಿಗೆ ಒಳಪಟ್ಟು ಆಟಗಾರರು ಅಥವಾ ತಂಡಗಳು ಪರಸ್ಪರ ಎದುರಾಗಿ ಆಡುವ ವಿಡಿಯೋ ಆಟಗಳ ಸ್ಪರ್ಧೆಗೆ ಇ-ಕ್ರೀಡೆ ಎಂದು ಹೆಸರು. ಕೌಂಟರ್-ಸ್ಟ್ರೈಕ್, ಡೋಟಾ 2, ಲೀಗ್ ಆಫ್ ಲೆಜೆಂಡ್ಸ್ ಮೊದಲಾದವು ಇವುಗಳಲ್ಲಿ ಪ್ರಮುಖವಾದವು. 2018ರಲ್ಲಿ ಜಕಾರ್ತಾದಲ್ಲಿ ಜರುಗಿದ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರದರ್ಶನ ಸ್ಪರ್ಧೆಯಾಗಿದ್ದ ಇ-ಕ್ರೀಡೆಯು 2023ರಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ಜರುಗಿದ ಕೂಟದಲ್ಲಿ ಪದಕ ಸ್ಪರ್ಧೆಯಾಯಿತು. ಭಾರತ ಸರ್ಕಾರವು 2022ರ ಡಿಸೆಂಬರ್ ತಿಂಗಳಿನಲ್ಲಿ, ಬಹುಕ್ರೀಡಾ ಕೂಟಗಳ ಅಂಗವಾದ ಇ-ಕ್ರೀಡೆಯನ್ನು ಯುವಜನ ವ್ಯವಹಾರ ಮತ್ತು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ಸೇರಿಸಿತು.

ಪಂದ್ಯಗಳು ಬೆಳೆದಂತೆ ಅವುಗಳ ಫಲಿತಾಂಶದ ಮೇಲೆ ಹಣ ಕಟ್ಟುವ ವ್ಯವಹಾರವೂ ಬೆಳೆದಿದೆ. ಆಟವನ್ನು ಆಡುವುದು, ನೋಡುವುದು ಹಾಗೂ ಅದರ ಮೇಲೆ ಹಣ ಕಟ್ಟುವುದು ಈ ಮೂರೂ ಬೇರೆ ಬೇರೆ ಸಂಗತಿಗಳು. ಅನೇಕ ಮನೆಗಳಲ್ಲಿ ಇವನ್ನು ಒಂದೇ ಎಂದು ಭಾವಿಸಲಾಗುತ್ತದೆ. ಇದರಿಂದಾಗಿ, ಸ್ಪರ್ಧೆಗೆಂದು ಅಭ್ಯಾಸ ಮಾಡುವ ಮಗನನ್ನು ಜೂಜುಕೋರನೆಂದು ಗದರಿಸುವುದೂ ಉಂಟು, ದಿನವೂ ಹಣ ಕಳೆದುಕೊಳ್ಳುತ್ತಿರುವವನನ್ನು “ಮೊಬೈಲಿನಲ್ಲಿ ಆಟವಾಡುತ್ತಾನೆ, ಅಷ್ಟೆ” ಎಂದು ಬಿಟ್ಟುಬಿಡುವುದೂ ಉಂಟು. ಎರಡನೆಯ ತಪ್ಪು ಕುಟುಂಬಕ್ಕೆ ಹೆಚ್ಚು ದುಬಾರಿಯಾಗಿ ಪರಿಣಮಿಸುತ್ತದೆ.

ಕಾನೂನಿನ ಸ್ಥಿತಿ

ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 34ನೇ ವಿಷಯವಾಗಿ ಬಾಜಿ ಮತ್ತು ಜೂಜು ಸೇರಿರುತ್ತದೆ. ಕರ್ನಾಟಕದಲ್ಲಿ ಕರ್ನಾಟಕ ಪೊಲೀಸ್ ಅಧಿನಿಯಮ, 1963 ಜೂಜಿಗೆ ಸಂಬಂಧಿಸಿದ ಕಾನೂನಾಗಿದೆ. ಈ ಅಧಿನಿಯಮಕ್ಕೆ 2021ರಲ್ಲಿ ತಂದ ತಿದ್ದುಪಡಿಯು, ಹಣ ಪಣಕ್ಕಿಟ್ಟು ಆಡುವ ಕೌಶಲದ ಆಟಗಳನ್ನೂ ನಿಷೇಧದ ವ್ಯಾಪ್ತಿಗೆ ಒಳಪಡಿಸಿತು. ಸದರಿ ತಿದ್ದುಪಡಿಯ ಸಂಬಂಧಪಟ್ಟ ಉಪಬಂಧಗಳನ್ನು ರಾಜ್ಯ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ರದ್ದುಪಡಿಸಿತು. ಆ ತೀರ್ಪು ಕೌಶಲದ ಆಟಗಳಿಗೆ ಸಂಬಂಧಿಸಿದ್ದಾಗಿದ್ದು, ಬೇರೆಯವರು ಆಡುವ ಪಂದ್ಯದ ಮೇಲೆ ಬುಕ್ಕಿಗಳು ನಡೆಸುವ ದಂಧೆಗೆ ಅದು ಪರವಾನಗಿಯಾಗಿರಲಿಲ್ಲ. ಆದಾಗ್ಯೂ ಬಾಜಿ ಆ್ಯಪ್‌ಗಳ ಪ್ರಚಾರದಲ್ಲಿ “ನ್ಯಾಯಾಲಯವೇ ಒಪ್ಪಿದೆ” ಎಂಬ ಮಾತು ಬಹಳ ದಿನ ಓಡಾಡಿತು.

ತದನಂತರ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಅಧಿನಿಯಮ, 2025 ಅನ್ನು ಅಂಗೀಕರಿಸಿದ್ದು, ಅದಕ್ಕೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಇ-ಕ್ರೀಡೆಯನ್ನು ಈ ಅಧಿನಿಯಮವು ಪ್ರತ್ಯೇಕವಾಗಿ ವ್ಯಾಖ್ಯಾನಿಸಿ ಅದಕ್ಕೆ ಮಾನ್ಯತೆ ನೀಡುತ್ತದೆ. ಸ್ಪರ್ಧೆಗೆ ಪ್ರವೇಶ ಶುಲ್ಕ ಪಡೆಯಬಹುದು, ಸಾಧನೆಗೆ ತಕ್ಕ ನಗದು ಬಹುಮಾನವನ್ನೂ ನೀಡಬಹುದು. ಆದರೆ ಆಟಗಾರನಾಗಲಿ, ಪ್ರೇಕ್ಷಕನಾಗಲಿ, ಯಾವುದೇ ವ್ಯಕ್ತಿಯು ಬಾಜಿ ಅಥವಾ ಪಣ ಕಟ್ಟುವುದು ಅದರಲ್ಲಿ ಸೇರಿರಕೂಡದು ಎಂದು ವ್ಯಾಖ್ಯೆಯಲ್ಲಿಯೇ ಹೇಳಲಾಗಿದೆ. ಗೆಲುವಿನ ನಿರೀಕ್ಷೆಯಿಂದ ಹಣ ಕಟ್ಟಿ ಆಡುವ ಆಟವು ಕೌಶಲದ್ದಾಗಿರಲಿ ಅಥವಾ ಅದೃಷ್ಟದ್ದಾಗಿರಲಿ, ನಿಷೇಧಕ್ಕೆ ಒಳಪಡುತ್ತದೆ. ಇಂತಹ ಸೇವೆ ಒದಗಿಸುವವರಿಗೆ 3 ವರ್ಷಗಳವರೆಗೆ ಸೆರೆವಾಸ, 1 ಕೋಟಿ ರೂ.ವರೆಗೆ ಜುಲ್ಮಾನೆ ಅಥವಾ ಇವೆರಡನ್ನೂ, ಜಾಹೀರಾತು ನೀಡುವವರಿಗೆ 2 ವರ್ಷಗಳವರೆಗೆ ಸೆರೆವಾಸ, 50 ಲಕ್ಷ ರೂ.ವರೆಗೆ ಜುಲ್ಮಾನೆ ಅಥವಾ ಇವೆರಡನ್ನೂ ಈ ಅಧಿನಿಯಮವು ವಿಧಿಸುತ್ತದೆ. ಹಣದ ವರ್ಗಾವಣೆಗೆ ಅನುವು ಮಾಡಿಕೊಡುವ ಸಂಸ್ಥೆಗಳೂ ಹೊಣೆಗಾರರಾಗುತ್ತವೆ. ಅಧಿನಿಯಮವನ್ನು ಪ್ರಶ್ನಿಸಿ ಕರ್ನಾಟಕ, ದೆಹಲಿ ಹಾಗೂ ಮಧ್ಯಪ್ರದೇಶ ಉಚ್ಚ ನ್ಯಾಯಾಲಯಗಳಲ್ಲಿ ಸಲ್ಲಿಸಲಾಗಿದ್ದ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯವು 2025ರ ಸೆಪ್ಟೆಂಬರ್‌ನಲ್ಲಿ ತನಗೆ ವರ್ಗಾಯಿಸಿಕೊಂಡಿತು.

ಈ ಅಧಿನಿಯಮದಡಿ ಕೇವಲ ಆಡಿದ ವ್ಯಕ್ತಿಗೆ ಶಿಕ್ಷೆ ಇರುವುದಿಲ್ಲ. ಹಾಗೆಂದು ಅವನಿಗೆ ರಕ್ಷಣೆಯೂ ಇಲ್ಲ. ಭಾರತೀಯ ಕರಾರು ಅಧಿನಿಯಮ, 1872ರ 30ನೇ ಪ್ರಕರಣದ ಮೇರೆಗೆ ಬಾಜಿಯ ಒಪ್ಪಂದವು ಶೂನ್ಯವಾಗಿದ್ದು, ಗೆದ್ದ ಹಣಕ್ಕಾಗಿ ದಾವೆ ಹೂಡಲು ಬರುವುದಿಲ್ಲ. (ಕುದುರೆ ಪಂದ್ಯದಲ್ಲಿ 500 ರೂ. ಅಥವಾ ಅದಕ್ಕೂ ಮೇಲ್ಪಟ್ಟ ಬಹುಮಾನಕ್ಕೆ ಸಲ್ಲಿಸುವ ವಂತಿಗೆಗೆ ಮಾತ್ರ ಈ ಪ್ರಕರಣದಲ್ಲಿ ವಿನಾಯಿತಿ ಇದೆ.) ವಿದೇಶಿ ಜಾಲತಾಣವೊಂದು ಗೆದ್ದ ಹಣವನ್ನು ತಡೆಹಿಡಿದಲ್ಲಿ ಅದನ್ನು ಕೇಳಲು ಕಟ್ಟೆಯೇ ಇಲ್ಲವೆಂದು ತಿಳಿಯತಕ್ಕದ್ದು.

ಬಾಜಿ ದರದ ಲೆಕ್ಕ

ಆಟ ಬಲ್ಲವನು ಬಾಜಿಯಲ್ಲಿಯೂ ಗೆಲ್ಲುತ್ತಾನೆ ಎಂಬುದು ಯುವಕರಲ್ಲಿ ಸಾಮಾನ್ಯವಾಗಿರುವ ನಂಬಿಕೆ. ದರ ನಿಗದಿಯಾಗುವ ಬಗೆಯನ್ನು ತಿಳಿದರೆ ಈ ನಂಬಿಕೆ ನಿಲ್ಲುವುದಿಲ್ಲ.

ಸಮಬಲದ ಎರಡು ತಂಡಗಳ ಪಂದ್ಯಕ್ಕೆ ಎರಡೂ ಕಡೆ 1.85 ದರವಿದೆ ಎಂದು ಭಾವಿಸೋಣ. 100 ರೂ. ಕಟ್ಟಿ ಗೆದ್ದವನಿಗೆ ಅಸಲೂ ಸೇರಿ 185 ರೂ. ದೊರೆಯುತ್ತದೆ. ಇಬ್ಬರು ಒಂದೊಂದು ತಂಡದ ಮೇಲೆ ತಲಾ 100 ರೂ. ಕಟ್ಟಿದರೆ ಒಟ್ಟು 200 ರೂ. ಸಂಗ್ರಹವಾಗಿ, ಗೆದ್ದವನಿಗೆ 185 ರೂ. ಸಂದು, 15 ರೂ. ದಂಧೆ ನಡೆಸುವವನಲ್ಲಿ ಉಳಿಯುತ್ತದೆ. ಯಾವ ತಂಡ ಗೆದ್ದರೂ ಈ 15 ರೂ. ಬದಲಾಗುವುದಿಲ್ಲ. ಇದೇ ದರದಲ್ಲಿ 100 ಬಾರಿ ತಲಾ 100 ರೂ. ಕಟ್ಟಿ ಅರ್ಧದಷ್ಟು ಬಾರಿ ಗೆದ್ದವನ 10,000 ರೂ. 9,250 ರೂ.ಗೆ ಇಳಿಯುತ್ತದೆ. ಅಸಲು ಉಳಿಯಬೇಕಾದರೂ ನೂರಕ್ಕೆ 54ಕ್ಕೂ ಹೆಚ್ಚು ಬಾರಿ ಸರಿಯಾಗಿ ಊಹಿಸಬೇಕಾಗುತ್ತದೆ. ನಿರಂತರವಾಗಿ ಹಾಗೆ ಊಹಿಸಬಲ್ಲವರು ಸಿಕ್ಕಿದಲ್ಲಿ ಅನೇಕ ಸಂಸ್ಥೆಗಳು ಅಂತಹವರ ಬಾಜಿಯ ಮಿತಿಯನ್ನು ತಗ್ಗಿಸುತ್ತವೆ ಅಥವಾ ಖಾತೆಯನ್ನೇ ಮುಚ್ಚುತ್ತವೆ.

ಸೋತ ಹಣವನ್ನು ಮರಳಿ ಪಡೆಯಲು ಪ್ರತಿ ಬಾರಿಯೂ ಬಾಜಿಯನ್ನು ಇಮ್ಮಡಿಗೊಳಿಸುವ ಪದ್ಧತಿಯೊಂದಿದೆ. ಇಸ್ಪೀಟಿನ ಅಡ್ಡೆಗಳಲ್ಲಿ ಇದು ಹಳೆಯದು. ಮೇಲ್ಕಂಡ ದರದಲ್ಲಿ 100, 200, 400 ರೂ. ಸತತ ಸೋತವನು ಒಟ್ಟು 700 ರೂ. ಕಳೆದುಕೊಂಡಿರುತ್ತಾನೆ. ನಾಲ್ಕನೆಯ ಬಾರಿ 800 ರೂ. ಕಟ್ಟಿ ಗೆದ್ದರೆ ಅವನಿಗೆ ಬರುವ ಲಾಭ 680 ರೂ. ಮಾತ್ರ. ಅಂದರೆ ಗೆದ್ದ ನಂತರವೂ 20 ರೂ. ನಷ್ಟ. ಆರು ಬಾರಿ ಸತತ ಸೋತಲ್ಲಿ ಹೋದ ಹಣ 6,300 ರೂ. ಆಗಿದ್ದು, ಏಳನೆಯ ಬಾಜಿಗೆ 6,400 ರೂ. ಬೇಕಾಗುತ್ತದೆ. ಸಾಲ ನೀಡುವ ಆ್ಯಪ್‌ಗಳ ಬಾಗಿಲಿಗೆ ಹೋಗುವುದು ಬಹುಮಟ್ಟಿಗೆ ಈ ಹಂತದಲ್ಲಿಯೇ.

ಮೋಸಕ್ಕಿರುವ ಅವಕಾಶಗಳು

ಕ್ರಿಕೆಟ್ಟಿನಲ್ಲಿ ಮೋಸವಿಲ್ಲವೆಂದಲ್ಲ. ಆದರೆ ಇ-ಕ್ರೀಡೆಯಲ್ಲಿ ಅದಕ್ಕೆ ಕೆಲವು ವಿಶೇಷ ಅನುಕೂಲಗಳಿವೆ. ಕೆಳಹಂತದ ಪಂದ್ಯಾವಳಿಗಳಲ್ಲಿ ಆಟಗಾರರು ತಮ್ಮ ತಮ್ಮ ಮನೆಗಳಿಂದಲೇ ಆಡುತ್ತಾರೆ. ಅಂಪೈರ್ ಎದುರಿಗಿರುವುದಿಲ್ಲ. ಬಹುಮಾನದ ಮೊತ್ತ ಅಲ್ಪವಾಗಿದ್ದು, ಅದೇ ಪಂದ್ಯದ ಮೇಲೆ ಕಟ್ಟಲಾದ ಹಣ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿರಬಹುದು. ಹದಿನೆಂಟು ತುಂಬಿದ, ಸಂಬಳ ನೆಟ್ಟಗೆ ಬಾರದ ಆಟಗಾರನಿಗೆ ಸೋಲಲೆಂದು ನೀಡುವ ಆಮಿಷವು ಗೆಲುವಿನ ಬಹುಮಾನವನ್ನು ಮೀರಿಸುತ್ತದೆ. ಇದಲ್ಲದೆ ಪಂದ್ಯದ ನೇರಪ್ರಸಾರವನ್ನು ಸಾಮಾನ್ಯವಾಗಿ ಸ್ವಲ್ಪ ತಡವಾಗಿ ಬಿತ್ತರಿಸಲಾಗುತ್ತದೆ. ಪರದೆಯ ಮೇಲೆ ನೋಡಿ ಬಾಜಿ ಕಟ್ಟುವವನು ಆಗಲೇ ಮುಗಿದುಹೋದ ಸುತ್ತಿನ ಮೇಲೆ ಹಣ ಕಟ್ಟುತ್ತಿರುತ್ತಾನೆ. ಒಳಗಿನವರಿಗೆ ಅದರ ಫಲಿತಾಂಶ ಮೊದಲೇ ಗೊತ್ತಿರಲು ಸಾಧ್ಯವಿದೆ. ಆಟವನ್ನು ತಯಾರಿಸಿದ ಸಂಸ್ಥೆಯು ಒಂದು ಪರಿಷ್ಕರಣೆಯ ಮೂಲಕ ಆಯುಧದ ಬಲವನ್ನೋ ಪಾತ್ರದ ಶಕ್ತಿಯನ್ನೋ ಬದಲಿಸಿದರೆ, ತಂಡಗಳ ಹಿಂದಿನ ದಾಖಲೆಗಳೆಲ್ಲ ಒಂದೇ ರಾತ್ರಿಯಲ್ಲಿ ಬೆಲೆ ಕಳೆದುಕೊಳ್ಳುತ್ತವೆ.

ನಡೆದಿರುವ ಪ್ರಕರಣಗಳು ಇದಕ್ಕೆ ಸಾಕ್ಷಿಯಾಗಿವೆ. ದಕ್ಷಿಣ ಕೊರಿಯಾದಲ್ಲಿ 2010ರಲ್ಲಿ ಸ್ಟಾರ್‌ಕ್ರಾಫ್ಟ್ ಆಟದ 11 ವೃತ್ತಿಪರ ಆಟಗಾರರನ್ನು ಅಲ್ಲಿನ ಇ-ಕ್ರೀಡಾ ಸಂಘವು ಶಾಶ್ವತವಾಗಿ ಹೊರಗಿಟ್ಟಿತು. ಅದೇ ದೇಶದಲ್ಲಿ, 2014ರ ವಿಶ್ವ ಚಾಂಪಿಯನ್ ಆಗಿದ್ದ ಆಟಗಾರನೊಬ್ಬ 2015ರಲ್ಲಿ ಎರಡು ಪಂದ್ಯಗಳನ್ನು ಬೇಕೆಂದೇ ಸೋಲಲು 7 ಕೋಟಿ ವೊನ್ ಪಡೆದನೆಂದು ಸಾಬೀತಾಗಿ, 2016ರಲ್ಲಿ ಅಮಾನತಿನಲ್ಲಿಟ್ಟ ಸೆರೆವಾಸ ಹಾಗೂ ಅಷ್ಟೇ ಮೊತ್ತದ ದಂಡಕ್ಕೆ ಗುರಿಯಾದನು. ಜಗತ್ತಿನಲ್ಲೇ ಅಗ್ರಮಾನ್ಯನಾದವನ ಪಂದ್ಯವೇ ಹೀಗಿರುವಾಗ, ಹೆಸರು ಕೇಳರಿಯದ ತಂಡಗಳ ಪಂದ್ಯದ ಮೇಲೆ ನಡುರಾತ್ರಿಯಲ್ಲಿ ಹಣ ಕಟ್ಟುವವರು ಏನನ್ನು ನಂಬಿ ಕಟ್ಟುತ್ತಾರೆಂಬುದು ಯೋಚಿಸತಕ್ಕ ವಿಷಯ. ಅಮೆರಿಕದಲ್ಲಿ 2014ರ ಆಗಸ್ಟ್‌ನಲ್ಲಿ ನಡೆದ ಕೌಂಟರ್-ಸ್ಟ್ರೈಕ್ ಪಂದ್ಯವೊಂದರ ಮೋಸವು ಬಯಲಾಗಿ, ಆಟದ ಮಾಲೀಕ ಸಂಸ್ಥೆಯಾದ ವಾಲ್ವ್ 2015ರ ಜನವರಿಯಲ್ಲಿ ಸಂಬಂಧಪಟ್ಟ ಆಟಗಾರರನ್ನು ನಿಷೇಧಿಸಿತು. ಆಸ್ಟ್ರೇಲಿಯಾದಲ್ಲಿ ಬಾಜಿ ನಿಯಮಗಳ ಉಲ್ಲಂಘನೆಗಾಗಿ 2021ರ ಜನವರಿಯಲ್ಲಿ ಒಮ್ಮೆಗೇ 35 ಆಟಗಾರರಿಗೆ ನಿಷೇಧ ಹೇರಲಾಯಿತು. 2018ರಲ್ಲಿ ಶಾಂಘೈನಲ್ಲಿ ನಡೆದ ಪಂದ್ಯಾವಳಿಯೊಂದರಲ್ಲಿ ಭಾರತೀಯ ತಂಡದ ಆಟಗಾರನೊಬ್ಬನು ಗುರಿ ಹಿಡಿಯಲು ನೆರವಾಗುವ ಕಳ್ಳ ತಂತ್ರಾಂಶ ಬಳಸುತ್ತಿದ್ದಾಗ ಸಿಕ್ಕಿಬಿದ್ದು, ಇಡೀ ತಂಡ ಅನರ್ಹಗೊಂಡಿತು.

ಕರ್ನಾಟಕಕ್ಕೆ ಸಂಬಂಧಿಸಿದ ಒಂದು ಅಂಶವನ್ನು ಇಲ್ಲಿ ಗಮನಿಸಬಹುದು. ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್ ಪಂದ್ಯಗಳ ಫಿಕ್ಸಿಂಗ್ ಆರೋಪದ ಪ್ರಕರಣದಲ್ಲಿ ರಾಜ್ಯ ಉಚ್ಚ ನ್ಯಾಯಾಲಯವು 2022ರ ಜನವರಿಯಲ್ಲಿ, ಫಿಕ್ಸಿಂಗ್ ಅಪ್ರಾಮಾಣಿಕ ನಡತೆಯಾದರೂ ಭಾರತೀಯ ದಂಡ ಸಂಹಿತೆಯ 420ನೇ ಪ್ರಕರಣದ ವಂಚನೆಯಾಗುವುದಿಲ್ಲವೆಂದೂ, ಶಿಸ್ತುಕ್ರಮ ಕೈಗೊಳ್ಳುವುದು ಕ್ರೀಡಾ ಮಂಡಳಿಯ ಕೆಲಸವೆಂದೂ ಅಭಿಪ್ರಾಯಪಟ್ಟಿತು. ಪಂದ್ಯವೇ ಸುಳ್ಳಾಗಿತ್ತೆಂದು ನಂತರ ತಿಳಿದರೂ ಬಾಜಿ ಕಟ್ಟಿದವನಿಗೆ ಪರಿಹಾರ ಸಿಗುವುದು ಎಷ್ಟು ಕಷ್ಟವೆಂಬುದನ್ನು ಇದರಿಂದ ಊಹಿಸಬಹುದು.

ಆಟದೊಳಗಿನ ವಸ್ತುಗಳು

ಕೌಂಟರ್-ಸ್ಟ್ರೈಕ್ ಆಟದಲ್ಲಿ ಬಂದೂಕು, ಚಾಕು ಮುಂತಾದವುಗಳಿಗೆ ತೊಡಿಸುವ ಬಣ್ಣದ ಅಲಂಕಾರಗಳಿಗೆ “ಸ್ಕಿನ್” ಎನ್ನಲಾಗುತ್ತದೆ. ಇವುಗಳಿಂದ ಆಟದ ಬಲ ಹೆಚ್ಚುವುದಿಲ್ಲ. ಆದರೆ ವಿರಳವಾದವುಗಳಿಗೆ ಮಾರುಕಟ್ಟೆಯಲ್ಲಿ ಭಾರಿ ಬೆಲೆಯಿದೆ. ಇವನ್ನೇ ನಾಣ್ಯದಂತೆ ಪಣಕ್ಕಿಡುವ ಜಾಲತಾಣಗಳು ಹುಟ್ಟಿಕೊಂಡಾಗ, ಬ್ಯಾಂಕ್ ಖಾತೆಯೇ ಇಲ್ಲದ ಬಾಲಕರು ಜೂಜಿಗಿಳಿಯುವಂತಾಯಿತು. ವಾಲ್ವ್ ಸಂಸ್ಥೆಯು 2016ರ ಜುಲೈನಲ್ಲಿ ಇಂತಹ ತಾಣಗಳಿಗೆ ನೋಟಿಸು ನೀಡಿತು. ಇಂಗ್ಲೆಂಡಿನಲ್ಲಿ 2017ರಲ್ಲಿ, ಫಿಫಾ ಆಟದ ನಾಣ್ಯಗಳನ್ನು ಬಳಸಿ ಮಕ್ಕಳೂ ಸೇರುವಂತೆ ಬಾಜಿ ತಾಣ ನಡೆಸಿದ ಇಬ್ಬರಿಗೆ ದಂಡ ವಿಧಿಸಲಾಯಿತು. ಭಾರತದ 2025ರ ಅಧಿನಿಯಮದಲ್ಲಿ “ಇತರ ಪಣ” ಎಂಬುದಕ್ಕೆ ನೀಡಿರುವ ಅರ್ಥವು ಹಣಕ್ಕೆ ಪರಿವರ್ತಿಸಬಹುದಾದ ಟೋಕನ್, ನಾಣ್ಯ ಹಾಗೂ ಕಾಲ್ಪನಿಕ ವಸ್ತುಗಳನ್ನೂ ಒಳಗೊಳ್ಳುತ್ತದೆ. ಆದುದರಿಂದ “ದುಡ್ಡು ಕಟ್ಟಿಲ್ಲ, ಸ್ಕಿನ್ ಕಟ್ಟಿದ್ದು” ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

“ಜವಾಬ್ದಾರಿಯುತ ಬಾಜಿ” ಎಂಬ ಮಾತು

ಬಾಜಿಗೆ ಪರವಾನಗಿ ಇರುವ ದೇಶಗಳಿಂದ ಬಂದ ಮಾತಿದು. ಅಲ್ಲಿನ ಕಾನೂನು ಸಂಸ್ಥೆಗಳ ಮೇಲೆ ಕೆಲವು ಕಟ್ಟುಪಾಡುಗಳನ್ನು ಹೇರಿರುತ್ತದೆ. ವ್ಯಾಸಂಗ ಅಥವಾ ಉದ್ಯೋಗಕ್ಕಾಗಿ ಅಂತಹ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ಇವುಗಳನ್ನು ತಿಳಿದಿರುವುದು ಒಳಿತು. ಬ್ರಿಟನ್ನಿನಲ್ಲಿ ಕ್ರೆಡಿಟ್ ಕಾರ್ಡಿನಿಂದ ಜೂಜಾಡುವುದನ್ನು 2020ರ ಏಪ್ರಿಲ್‌ನಿಂದ ನಿಷೇಧಿಸಲಾಗಿದೆ. ಗ್ಯಾಮ್‌ಸ್ಟಾಪ್ ಎಂಬ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಿದವನನ್ನು ಪರವಾನಗಿ ಪಡೆದ ಯಾವ ಆನ್‌ಲೈನ್ ಸಂಸ್ಥೆಯೂ ಸೇರಿಸಿಕೊಳ್ಳುವಂತಿಲ್ಲ. ಆಸ್ಟ್ರೇಲಿಯಾದಲ್ಲಿ 2023ರ ಆಗಸ್ಟ್‌ನಿಂದ ಬೆಟ್‌ಸ್ಟಾಪ್ ಎಂಬ ಇಂತಹುದೇ ನೋಂದಣಿ ಜಾರಿಯಲ್ಲಿದೆ. ಅಲ್ಲಿ ಬಾಜಿ ಕಟ್ಟುವವರಿಗೆ ನೀಡಲಾಗುವ ಸಲಹೆಗಳೂ ಸರಳ: ಕಟ್ಟುವ ಮೊದಲೇ ಮೊತ್ತ ಹಾಗೂ ಸಮಯದ ಮಿತಿ ಗೊತ್ತುಮಾಡುವುದು, ಬಾಡಿಗೆ ಅಥವಾ ಶುಲ್ಕದ ಹಣವನ್ನು ಮುಟ್ಟದಿರುವುದು, ಸೋತ ಹಣದ ಬೆನ್ನು ಹತ್ತದಿರುವುದು, ಸಾಲ ಮಾಡಿ ಕಟ್ಟದಿರುವುದು.

ಭಾರತದಲ್ಲಿ ಪರವಾನಗಿ ಪಡೆದ ಇ-ಕ್ರೀಡಾ ಬಾಜಿ ಸಂಸ್ಥೆ ಎಂಬುದು ಇಲ್ಲ. ಇಲ್ಲಿ ಕಾಣುವ ತಾಣಗಳ ಪುಟದ ಅಡಿಯಲ್ಲಿ “ಜವಾಬ್ದಾರಿಯಿಂದ ಆಡಿರಿ” ಎಂದು ಬರೆದಿದ್ದರೂ, ಮಿತಿ ಹಾಕಿಸಲು, ದೂರು ನೀಡಲು, ವಯಸ್ಸು ಪರಿಶೀಲಿಸಲು ಹಿಂದೆ ಯಾವ ಪ್ರಾಧಿಕಾರವೂ ನಿಂತಿರುವುದಿಲ್ಲ.

ಖಾತೆ ಬಾಡಿಗೆಯ ಅಪಾಯ

ಇಂತಹ ತಾಣಗಳು ಹಣವನ್ನು ನೇರವಾಗಿ ಪಡೆಯದೆ, ಬೇರೆ ಬೇರೆ ವ್ಯಕ್ತಿಗಳ ಬ್ಯಾಂಕ್ ಖಾತೆ ಹಾಗೂ ಯುಪಿಐ ಮೂಲಕ ಪಡೆಯುವುದು ರೂಢಿ. ತಿಂಗಳಿಗಿಷ್ಟು ಎಂದು ಕಮಿಷನ್ ನೀಡಿ ವಿದ್ಯಾರ್ಥಿಗಳ ಖಾತೆ, ಎಟಿಎಂ ಕಾರ್ಡ್ ಹಾಗೂ ಸಿಮ್ ಪಡೆಯಲಾಗುತ್ತದೆ. ಅದೇ ಖಾತೆಯಲ್ಲಿ ಸೈಬರ್ ವಂಚನೆಯ ಹಣವೂ ಹರಿಯುವುದರಿಂದ ಖಾತೆ ಸ್ತಂಭನಗೊಂಡು, ಬೇರೆ ರಾಜ್ಯದ ಪೊಲೀಸರಿಂದ ನೋಟಿಸು ಬರುವುದು ಖಾತೆದಾರನ ಹೆಸರಿಗೇ. ಬಾಜಿಯನ್ನೇ ಕಟ್ಟದವರೂ ಹೀಗೆ ಪ್ರಕರಣಗಳಲ್ಲಿ ಸಿಲುಕುತ್ತಾರೆ. ಖಾತೆಯನ್ನು ಯಾರಿಗೂ ಬಳಸಲು ಕೊಡಕೂಡದು.

ವ್ಯಸನದ ಲಕ್ಷಣಗಳು ಮತ್ತು ನೆರವು

ವಿಶ್ವ ಆರೋಗ್ಯ ಸಂಸ್ಥೆಯು 2022ರ ಜನವರಿಯಿಂದ ಜಾರಿಗೆ ಬಂದ ತನ್ನ ರೋಗ ವರ್ಗೀಕರಣದಲ್ಲಿ ಜೂಜಿನ ವ್ಯಸನ ಹಾಗೂ ವಿಡಿಯೋ ಆಟದ ವ್ಯಸನಗಳನ್ನು ಪ್ರತ್ಯೇಕವಾಗಿ ಗುರುತಿಸಿದೆ. ಹಣದ ಬಗ್ಗೆ ಸುಳ್ಳು ಹೇಳುವುದು, ಬೇರೆ ಬೇರೆಯವರಿಂದ ಸಣ್ಣ ಸಣ್ಣ ಕೈಗಡ, ಮನೆಯ ವಸ್ತುಗಳು ಕಾಣೆಯಾಗುವುದು, ವಿದೇಶಿ ಪಂದ್ಯಗಳ ವೇಳೆಗೆ ತಕ್ಕಂತೆ ನಿದ್ದೆಗೆಡುವುದು, ಸೋತ ದಿನ ಸಿಡುಕು ಇವುಗಳನ್ನು ಮನೆಯವರು ಗಮನಿಸಬೇಕು. ಸಾಲವನ್ನು ಮನೆಯವರು ಒಮ್ಮೆಗೇ ತೀರಿಸಿ ಸುಮ್ಮನಾಗುವುದರಿಂದ ವ್ಯಸನ ನಿಲ್ಲುವುದಿಲ್ಲ. ಹಣದ ಉಸ್ತುವಾರಿಯನ್ನು ಕೆಲಕಾಲ ಬೇರೆಯವರು ವಹಿಸಿಕೊಂಡು, ಜೊತೆಗೆ ಚಿಕಿತ್ಸೆ ಕೊಡಿಸುವುದು ಸೂಕ್ತ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಂತ್ರಜ್ಞಾನದ ಅತಿಬಳಕೆಗೆ ಸಂಬಂಧಿಸಿದ “ಶಟ್” ಚಿಕಿತ್ಸಾಲಯವು 2014ರಲ್ಲಿ ಆರಂಭವಾಯಿತು.

ಸಾಲದ ಒತ್ತಡದಿಂದ ಯಾರಾದರೂ ಜೀವ ತೆಗೆದುಕೊಳ್ಳುವ ಮಾತನಾಡಿದಲ್ಲಿ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ, ಅವರನ್ನು ಒಂಟಿಯಾಗಿ ಬಿಡದೆ, ಕೂಡಲೇ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡತಕ್ಕದ್ದು. ಈ ಉಚಿತ ಸೇವೆಯು ದಿನದ 24 ಗಂಟೆಯೂ ಕನ್ನಡದಲ್ಲಿ ಲಭ್ಯವಿರುತ್ತದೆ. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು. ಆನ್‌ಲೈನ್ ಹಣಕಾಸು ವಂಚನೆಯ ದೂರುಗಳಿಗೆ 1930 ಸಂಖ್ಯೆ ಇದ್ದು, ಹಣ ಮುಂದಿನ ಖಾತೆಗೆ ಸಾಗುವ ಮುನ್ನವೇ ತಡೆಹಿಡಿಯಲು ಸಾಧ್ಯವಾಗುವಂತೆ ತಡಮಾಡದೆ ತಿಳಿಸಬೇಕು. ದೂರು ನೀಡುವಾಗ ವರ್ಗಾವಣೆಯ ಸಂಖ್ಯೆ, ಹಣ ಸಂದ ಖಾತೆ ಅಥವಾ ಯುಪಿಐ ವಿಳಾಸ, ತಾಣದ ಹೆಸರು ಹಾಗೂ ಸಂದೇಶಗಳ ಪ್ರತಿಗಳನ್ನು ಅಳಿಸದೆ ಇಟ್ಟುಕೊಂಡಿರತಕ್ಕದ್ದು.