ಗೋಷಾ ಆಸ್ಪತ್ರೆಯಿಂದ ನಮ್ಮ ಬ್ಲಡ್ ರಿಪೋರ್ಟ್‌ವರೆಗೆ: ಒಂದು ಗೆರೆಯ ಚರಿತ್ರೆ

ಇವತ್ತಿನ ಮಾತು ಶುರುವಾಗೋದು ಒಂದು ಪಿಡಿಎಫ್ ಫೈಲ್‌ನಿಂದ. ಓಎಂಆರ್ ಕಡೆ ಕೆಲಸ ಮಾಡೋ ನಮ್ಮಲ್ಲಿ ಬಹಳ ಜನರಿಗೆ ವರ್ಷಕ್ಕೊಂದು ಸಲ ಈ ಫೈಲ್ ಬರುತ್ತೆ. ಕಂಪನಿಯ ಹೆಲ್ತ್ ಚೆಕಪ್ ರಿಪೋರ್ಟ್. ಹತ್ತು ಪುಟ, ಅದರಲ್ಲಿ ಅಲ್ಲಲ್ಲಿ ದಪ್ಪ ಅಕ್ಷರ, ಕೆಂಪು ಬಾಣ. ನಾವು ಓದೋದು ಆ ಕೆಂಪು ಬಾಣಗಳನ್ನು ಮಾತ್ರ.

ಕಳೆದ ವರ್ಷ ನನ್ನ ರಿಪೋರ್ಟಲ್ಲಿ ಅಂಥ ಮೂರು ಸಾಲು ಇದ್ದವು. ಟಿಎಸ್‌ಹೆಚ್ 6.1. ವಿಟಮಿನ್ ಬಿ12 168. ವಿಟಮಿನ್ ಡಿ 14. ನಾನು ಹೆದರಿದ್ದು ಮೊದಲನೇ ಸಾಲಿಗೆ. ಥೈರಾಯ್ಡ್ ಅಂದರೆ ಜೀವನಪೂರ್ತಿ ಮಾತ್ರೆ ಅಂತ ಮನಸ್ಸು ಆಗಲೇ ತೀರ್ಪು ಕೊಟ್ಟಾಗಿತ್ತು. ಎರಡನೇ ಸಾಲನ್ನು ಓದಿದೆ, ಮರೆತೆ. ಆದರೆ ಅದಕ್ಕೂ ಐದಾರು ತಿಂಗಳ ಮುಂಚಿನಿಂದ ರಾತ್ರಿ ಹೊತ್ತು ನನ್ನ ಪಾದಗಳು ಜೋಮು ಹಿಡಿದ ಹಾಗೆ ಆಗ್ತಿದ್ದವು. ಅದಕ್ಕೆ ಆಫೀಸಿನ ಕುರ್ಚಿಯನ್ನು ಬೈದುಕೊಂಡು ಸುಮ್ಮನಿದ್ದೆ. ಅಂದರೆ, ಕಾದು ನೋಡಬಹುದಾದ ಸಾಲಿಗೆ ಹೆದರಿದೆ, ತಕ್ಷಣ ಗಮನಿಸಬೇಕಾದ ಸಾಲನ್ನು ಬಿಟ್ಟೆ. ಈ ಎಡವಟ್ಟು ಯಾಕಾಯ್ತು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ ಚರಿತ್ರೆ ಇದು. ಇದರ ಒಂದು ಮುಖ್ಯ ಎಳೆ ಇದೇ ಚೆನ್ನೈನ ಬೀದಿಗಳಲ್ಲಿ ಹಾದುಹೋಗುತ್ತೆ.

ಆದರೆ ಶುರು ಮಾಡೋಣ ಬೆಟ್ಟದ ಮೇಲಿಂದ. ಮೈಸೂರಿನಿಂದ ಬಂಡೀಪುರ ದಾಟಿ ಊಟಿಗೆ ಹೋಗಿ, ಅಲ್ಲಿಂದ ಸ್ವಲ್ಪ ಕೆಳಗಿಳಿದರೆ ಕೂನೂರು. ನಾವು ಟೀ ತೋಟದ ಫೋಟೋ ತೆಗೆದುಕೊಂಡು ವಾಪಸ್ ಬರ್ತೀವಿ. ಅಲ್ಲಿನ ಪಾಶ್ಚರ್ ಇನ್‌ಸ್ಟಿಟ್ಯೂಟಿನ ಒಂದೇ ಒಂದು ಕೋಣೆಯಲ್ಲಿ 1918ರಲ್ಲಿ ಬೆರಿಬೆರಿ ರೋಗದ ಬಗ್ಗೆ ತನಿಖೆ ಶುರುವಾಯ್ತು. ನಡೆಸಿದವರು ರಾಬರ್ಟ್ ಮೆಕ್‌ಕ್ಯಾರಿಸನ್ ಅನ್ನೋ ಮಿಲಿಟರಿ ವೈದ್ಯರು. ಆ ಒಂದು ಕೋಣೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಯ್ತು.

ಮಜಾ ಏನು ಗೊತ್ತಾ? ವಿಟಮಿನ್ ಪ್ರಯೋಗಾಲಯ ಕಟ್ಟಿದ ಈ ಮನುಷ್ಯ ಅದಕ್ಕೆ ಮುಂಚೆ ಹೆಸರು ಮಾಡಿದ್ದು ಥೈರಾಯ್ಡ್ ವಿಷಯದಲ್ಲಿ. ಗಿಲ್ಗಿಟ್ ಕಣಿವೆಯಲ್ಲಿ ಒಂದೇ ಕಾಲುವೆಯ ನೀರು ಕುಡಿಯೋ ಹಳ್ಳಿಗಳನ್ನು ಅವರು ಸುತ್ತಿದರು. ಕಾಲುವೆಯ ಕೆಳಗೆ ಹೋದಷ್ಟೂ ಗಳಗಂಡ ಜಾಸ್ತಿ. ಆ ನೀರಿನ ಗಸಿಯನ್ನು ತಾವೇ ಕುಡಿದು ನೋಡಿದರು. ನೀರಿನಲ್ಲಿರೋ ಸೂಕ್ಷ್ಮಜೀವಿಯೇ ಕಾರಣ ಅಂತ ಅವರ ನಂಬಿಕೆ. ಮುಖ್ಯ ಕಾರಣ ಅಯೋಡಿನ್ ಕೊರತೆ ಅಂತ ಆಮೇಲೆ ಗಟ್ಟಿಯಾಯ್ತು. ತೀರ್ಮಾನ ತಪ್ಪಿರಬಹುದು, ಆದರೆ ನೋಡಿದ ಕ್ರಮ ಗಮನಿಸಿ: ಮೊದಲು ಮನುಷ್ಯ, ಆಮೇಲೆ ಅವನ ಊರು, ಆಮೇಲೆ ಅವನು ಏನು ತಿಂತಾನೆ, ಏನು ಕುಡೀತಾನೆ.

ಈಗ ಬೆಟ್ಟ ಇಳಿದು ಚೆನ್ನೈಗೆ ಬರೋಣ. ಚೆಪಾಕ್ ಸ್ಟೇಡಿಯಂಗೆ ಮ್ಯಾಚ್ ನೋಡೋಕೆ ಹೋಗಿದ್ದೀರಲ್ವಾ? ಅದರ ಹತ್ತಿರವೇ ಟ್ರಿಪ್ಲಿಕೇನ್‌ನಲ್ಲಿ ಸರ್ಕಾರಿ ಕಸ್ತೂರಬಾ ಗಾಂಧಿ ಆಸ್ಪತ್ರೆ ಇದೆ. ಆಟೋದವರನ್ನು ಕೇಳಿದರೆ ಈಗಲೂ ಗೋಷಾ ಆಸ್ಪತ್ರೆ ಅಂತಾರೆ. ಗಂಡಸು ಡಾಕ್ಟರ ಹತ್ತಿರ ಹೋಗದ ಹೆಂಗಸರಿಗಾಗಿ 1885ರಲ್ಲಿ ಶುರುವಾದ ಆಸ್ಪತ್ರೆ ಇದು. ಗೋಷಾ ಅಂದರೆ ಪರದೆ.

1931ರ ಆರಂಭದಲ್ಲಿ ಇಲ್ಲಿ ಲೂಸಿ ವಿಲ್ಸ್ ಅನ್ನೋ ಇಂಗ್ಲಿಷ್ ವೈದ್ಯೆ ಕೆಲಸ ಮಾಡ್ತಿದ್ದರು. ಅವರು ಭಾರತಕ್ಕೆ ಬಂದದ್ದು 1928ರಲ್ಲಿ, ಬಾಂಬೆಗೆ. ಬಸುರಿಯರಿಗೆ ಒಂದು ವಿಚಿತ್ರ ರಕ್ತಹೀನತೆ ಬರ್ತಿತ್ತು: ರಕ್ತಕಣಗಳ ಸಂಖ್ಯೆ ಕಡಿಮೆ, ಆದರೆ ಒಂದೊಂದು ಕಣವೂ ಮಾಮೂಲಿಗಿಂತ ದೊಡ್ಡದು. ಎಷ್ಟೋ ತಾಯಂದಿರು ಇದರಿಂದ ಸಾಯ್ತಿದ್ದರು. ವಿಲ್ಸ್ ಆ ಹೆಂಗಸರ ಊಟದ ಪಟ್ಟಿ ಮಾಡಿದರು. ಅತಿ ಬಡವರ ತಟ್ಟೆಯಲ್ಲಿ ಸೊಪ್ಪು, ಹಣ್ಣು, ಹಾಲು ಇಲ್ಲವೇ ಇಲ್ಲ ಅನ್ನೋ ಹಾಗಿತ್ತು. ಕಾಯಿಲೆಯೂ ಅವರಲ್ಲೇ ಜಾಸ್ತಿ. ಅಂಥದ್ದೇ ಊಟವನ್ನು ಕೋತಿಗೆ ಕೊಟ್ಟರೆ ಕೋತಿಗೂ ಅದೇ ರಕ್ತಹೀನತೆ. ಆಗ ಪ್ರಯೋಗ ಮಾಡಿ ನೋಡಿದ ಒಂದು ವಸ್ತು ಮಾರ್ಮೈಟ್. ಬಿಯರ್ ತಯಾರಿಸಿದ ಮೇಲೆ ಉಳಿಯೋ ಯೀಸ್ಟ್‌ನಿಂದ ಮಾಡಿದ ಕಪ್ಪು ಲೇಹ, ಅಷ್ಟೇ. ಕೋತಿ ಚೇತರಿಸಿಕೊಂಡಿತು. ಹೆಂಗಸರೂ ಚೇತರಿಸಿಕೊಂಡರು. ಬಾಂಬೆಯಿಂದ ಕೂನೂರಿನ ಪಾಶ್ಚರ್ ಇನ್‌ಸ್ಟಿಟ್ಯೂಟ್, ಅಲ್ಲಿಂದ ಮದರಾಸಿನ ಗೋಷಾ ಆಸ್ಪತ್ರೆ, ಹೀಗೆ ಅವರ ಕೆಲಸ ಸಾಗಿತು. 1931ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಬಂಧ ಬಂತು. ಯೀಸ್ಟ್‌ನಲ್ಲಿರೋ ಆ ಪದಾರ್ಥ ಯಾವುದು ಅಂತ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಅದಕ್ಕೆ ವಿಲ್ಸ್ ಫ್ಯಾಕ್ಟರ್ ಅನ್ನೋ ಹೆಸರೇ ನಿಂತಿತು.

ಅದನ್ನು ಬಿಡಿಸಿದ ಕಥೆಗೂ ಮದರಾಸಿನ ನಂಟಿದೆ. ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮೆಟ್ರಿಕ್ ಪಾಸಾದದ್ದು ಮೂರನೇ ಪ್ರಯತ್ನದಲ್ಲಿ, ಮದರಾಸಿನ ಹಿಂದೂ ಹೈಸ್ಕೂಲಿನಿಂದ. ಆಮೇಲೆ ಮದ್ರಾಸ್ ಮೆಡಿಕಲ್ ಕಾಲೇಜು. ಗಾಂಧೀಜಿ ಪ್ರಭಾವದಿಂದ ಖಾದಿಯ ಸರ್ಜಿಕಲ್ ಗೌನ್ ಹಾಕಿಕೊಂಡದ್ದಕ್ಕೆ ಇಂಗ್ಲಿಷ್ ಪ್ರೊಫೆಸರ್‌ಗೆ ಸಿಟ್ಟು ಬಂತು, ಕೊನೆಗೆ ಅವರಿಗೆ ಸಿಕ್ಕಿದ್ದು ಎಂಬಿಬಿಎಸ್ ಅಲ್ಲ, ಕೆಳದರ್ಜೆಯ ಎಲ್‌ಎಂಎಸ್. ಸ್ಪ್ರೂ ಅನ್ನೋ ಕರುಳಿನ ಕಾಯಿಲೆ ಅವರ ಸಹೋದರನನ್ನು ಬಲಿ ತೆಗೆದುಕೊಂಡಿತ್ತು, ಅವರನ್ನೂ ಹಣ್ಣು ಮಾಡಿತ್ತು. ಅಮೆರಿಕಕ್ಕೆ ಹೋದರು, ಲೆಡರ್ಲಿ ಪ್ರಯೋಗಾಲಯದ ಸಂಶೋಧನೆಗೆ ಮುಖ್ಯಸ್ಥರಾದರು. ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ 1941ರಲ್ಲಿ ಫೋಲಿಕ್ ಆಮ್ಲ ಅಂತ ಹೆಸರಿಟ್ಟಿದ್ದ ಪದಾರ್ಥವನ್ನು ಅವರ ತಂಡ 1945ರಲ್ಲಿ ಕೃತಕವಾಗಿ ತಯಾರಿಸಿತು. ವಿಲ್ಸ್ ಫ್ಯಾಕ್ಟರ್ ಅಂದರೆ ಇದೇ. ಸ್ಪ್ರೂ ರೋಗಿಗಳಿಗೂ ಅದರಿಂದ ಗುಣ ಕಾಣಿಸಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಸುಖಾಂತ. ಆದರೆ ನನ್ನ ಪಾದದ ಜೋಮಿಗೆ ಸಂಬಂಧಪಟ್ಟ ಅಧ್ಯಾಯ ಶುರುವಾಗೋದೇ ಇಲ್ಲಿಂದ.

ಪರ್ನಿಶಿಯಸ್ ಅನೀಮಿಯ ಅನ್ನೋ ಇನ್ನೊಂದು ರಕ್ತಹೀನತೆ ಇತ್ತು. ಅದರಲ್ಲೂ ರಕ್ತಕಣ ದೊಡ್ಡದಾಗ್ತಿತ್ತು. 1926ರಿಂದ ಅದಕ್ಕೆ ಯಕೃತ್ತನ್ನು ತಿನ್ನಿಸಿ ಚಿಕಿತ್ಸೆ ಮಾಡ್ತಿದ್ದರು. ಹೊಸ ಫೋಲಿಕ್ ಆಮ್ಲ ಬಂದಾಗ ಅವರಿಗೂ ಅದನ್ನೇ ಕೊಟ್ಟರು. ರಕ್ತ ಸರಿಹೋಯ್ತು. ಆದರೆ 1940ರ ದಶಕದ ಕೊನೆಗೆ ವೈದ್ಯರಿಗೆ ಕಂಡದ್ದು ಬೇರೆ: ರಕ್ತ ಸರಿಯಾದ ಕೆಲವರ ಕೈಕಾಲು ಮರಗಟ್ಟುತ್ತಿತ್ತು, ನಡಿಗೆ ತಪ್ಪುತ್ತಿತ್ತು. ಯಾಕಂದ್ರೆ ಅವರಿಗೆ ಇದ್ದದ್ದು ಫೋಲಿಕ್ ಆಮ್ಲದ ಕೊರತೆ ಅಲ್ಲ, ಯಕೃತ್ತಿನಲ್ಲಿದ್ದ ಬೇರೆ ಯಾವುದೋ ಪದಾರ್ಥದ ಕೊರತೆ. 1948ರಲ್ಲಿ ಅದನ್ನು ಬೇರ್ಪಡಿಸಿದರು. ಅದೇ ಬಿ12. ಎರಡೂ ಬೇರೆ ಬೇರೆ ಅನ್ನೋ ಸುಳಿವನ್ನು ವಿಲ್ಸ್ 1930ರ ದಶಕದಲ್ಲೇ ಕೊಟ್ಟಿದ್ದರು: ಶುದ್ಧ ಮಾಡಿದ ಯಕೃತ್ತಿನ ಸಾರ ತಮ್ಮ ರೋಗಿಗಳಿಗೆ ಕೆಲಸ ಮಾಡ್ತಿಲ್ಲ, ಯೀಸ್ಟ್ ಮಾಡ್ತಿದೆ ಅಂತ.

ಇದನ್ನು ಓದಿದ ದಿನ ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಸಂಖ್ಯೆ ಸರಿಯಾಯ್ತು, ಮನುಷ್ಯ ಕೆಟ್ಟ. ನಾವು ಸಾಫ್ಟ್‌ವೇರ್‌ನವರಿಗೆ ಇದು ಗೊತ್ತಿರೋ ವಿಷಯವೇ. ಡ್ಯಾಶ್‌ಬೋರ್ಡ್ ಎಲ್ಲಾ ಹಸಿರು, ಗ್ರಾಹಕನ ಫೋನ್ ಮಾತ್ರ ನಿಲ್ತಾ ಇಲ್ಲ.

ಈಗ ಥೈರಾಯ್ಡ್ ಕಡೆ ಬರೋಣ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಸಾರವನ್ನು ಒಬ್ಬ ಹೆಂಗಸಿಗೆ ಚುಚ್ಚಿ ಗುಣಪಡಿಸಿದಾಗ ಥೈರಾಯ್ಡಿಗೆ ರಕ್ತಪರೀಕ್ಷೆಯೇ ಇರಲಿಲ್ಲ. ಊದಿದ ಮುಖ, ಒಣಗಿದ ಚರ್ಮ, ನಿಧಾನವಾದ ಮಾತು, ಇವೇ ರಿಪೋರ್ಟ್. 1959ರಲ್ಲಿ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬೆರ್ಸನ್ ರಕ್ತದಲ್ಲಿ ಅತಿ ಕಡಿಮೆ ಪ್ರಮಾಣದಲ್ಲಿರೋ ಹಾರ್ಮೋನನ್ನು ಅಳೆಯೋ ವಿಧಾನ ಕಂಡುಹಿಡಿದರು. ಬೆರ್ಸನ್ ತೀರಿಕೊಂಡ ಮೇಲೆ, 1977ರಲ್ಲಿ ಯಾಲೋಗೆ ನೊಬೆಲ್ ಬಂತು. ಅದೇ ದಾರಿಯಲ್ಲಿ 60ರ ದಶಕದಲ್ಲಿ ಟಿಎಸ್‌ಹೆಚ್ ಅಳೆಯೋದು ಸಾಧ್ಯವಾಯ್ತು. ಅಲ್ಲಿಗೆ ಕ್ರಮ ತಿರುಗಿತು. ಮೊದಲು ಮನುಷ್ಯ ಆಮೇಲೆ ಸಂಖ್ಯೆ ಅನ್ನೋದು ಹೋಗಿ, ಮೊದಲು ಸಂಖ್ಯೆ, ಆಮೇಲೆ ಮನುಷ್ಯ.

ಟಿಎಸ್‌ಹೆಚ್ ಥೈರಾಯ್ಡ್ ಹಾರ್ಮೋನೇ ಅಲ್ಲ ಅನ್ನೋದು ನೆನಪಿರಲಿ. ಅದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕಳಿಸೋ ಆರ್ಡರ್. ಥೈರಾಯ್ಡ್ ಮಾಡೋ ಟಿ4 ಸ್ವಲ್ಪ ಇಳಿದರೂ ಆರ್ಡರ್ ಹಲವು ಪಟ್ಟು ಏರುತ್ತೆ. ಹಾಗಾಗಿ ಟಿ4 ಸರಿಯಿದ್ದು ಟಿಎಸ್‌ಹೆಚ್ ಮಾತ್ರ 4.5 ಮತ್ತು 10ರ ನಡುವೆ ಇದ್ದರೆ ಅದು ಗಡಿಯ ಸ್ಥಿತಿ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚೆನ್ನೈ, ಬೆಂಗಳೂರು ಸೇರಿ 8 ನಗರಗಳ 5 ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದ್ದರು. ಸುಮಾರು 100ಕ್ಕೆ 8 ಜನ ಇದೇ ಗಡಿಯಲ್ಲಿದ್ದರು. ನಮ್ಮ ಆಫೀಸಿನ ಒಂದು ಫ್ಲೋರಿಗೆ ಹೋಲಿಸಿ ನೋಡಿ, ಎಷ್ಟು ಮಂದಿ ಆಗ್ತಾರೆ ಅಂತ.

ಹಾಗಾದರೆ ಈ ಗೆರೆ ಎಳೆದವರು ಯಾರು? ಸಾಮಾನ್ಯ ಪದ್ಧತಿ ಸರಳ. ಆರೋಗ್ಯವಾಗಿರೋ ಒಂದಷ್ಟು ಜನರನ್ನು ಅಳೆದು, ಮಧ್ಯದ 95 ಶೇಕಡಾ ಎಲ್ಲಿ ಬರುತ್ತೋ ಅದಕ್ಕೆ ನಾರ್ಮಲ್ ಅಂತ ಬೇಲಿ ಹಾಕೋದು. ಅಂದರೆ ಆರೋಗ್ಯವಾಗಿರೋ 20 ಜನರಲ್ಲಿ ಒಬ್ಬ ಬೇಲಿಯ ಹೊರಗೆ ನಿಲ್ಲಲೇಬೇಕು. ಒಂದು ಪ್ಯಾಕೇಜಲ್ಲಿ ಹೀಗೆ ಬೇಲಿ ಹಾಕಿದ, ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಇವೆ ಅಂದುಕೊಳ್ಳಿ. ಪೂರ್ತಿ ಆರೋಗ್ಯವಂತನಿಗೂ ಕನಿಷ್ಠ ಒಂದು ಕೆಂಪು ಬಾಣ ಬರೋ ಸಂಭವ ಸುಮಾರು 64 ಶೇಕಡಾ. ಲೆಕ್ಕ ನೀವೇ ಹಾಕಿ ನೋಡಿ, 0.95ರ 20ನೇ ಘಾತ. 20 ಟೆಸ್ಟ್‌ನ ಪ್ಯಾಕೇಜ್ ಈಗ ಯಾರು ಮಾರ್ತಾರೆ ಹೇಳಿ, ಎಲ್ಲಾ 70, 80ರ ಮೇಲೆಯೇ.

ವಿಟಮಿನ್ ಡಿ ಗೆರೆಯಂತೂ ನಮ್ಮ ಕಣ್ಣ ಮುಂದೆಯೇ ಸರಿದಾಡಿದೆ. ಅಮೆರಿಕದ ಒಂದು ಸಂಸ್ಥೆ 2010ರಲ್ಲಿ 20 ಇದ್ದರೆ ಬಹುತೇಕರಿಗೆ ಸಾಕು ಅಂತು. ಮರುವರ್ಷವೇ ಅಲ್ಲಿನ ಎಂಡೋಕ್ರೈನ್ ಸೊಸೈಟಿ 30 ಬೇಕು ಅಂತು. 2024ರಲ್ಲಿ ಅದೇ ಸೊಸೈಟಿ 30ರ ಗೆರೆಯನ್ನು ಕೈಬಿಟ್ಟು, ಆರೋಗ್ಯವಾಗಿರೋರಿಗೆ ಸುಮ್ಮಸುಮ್ಮನೆ ಈ ಟೆಸ್ಟ್ ಬೇಡ ಅಂತು. 25 ಇದ್ದ ಮನುಷ್ಯ ಒಬ್ಬರ ಲೆಕ್ಕದಲ್ಲಿ ಸರಿ, ಇನ್ನೊಬ್ಬರ ಲೆಕ್ಕದಲ್ಲಿ ಕೊರತೆ. ಅವನ ಮೂಳೆ ಮಾತ್ರ ಅದೇ. ಆದರೆ ನನ್ನ 14 ಈ ಎರಡೂ ಗೆರೆಗಿಂತ ಕಡಿಮೆಯೇ. ಚೆನ್ನೈನಲ್ಲಿ ಬಿಸಿಲಿಗೆ ಬರವಾ ಅಂತೀರಿ. ಬಿಸಿಲು ಹೊರಗಿದೆ, ನಾವು ಎಸಿಯ ಒಳಗಿದ್ದೀವಿ.

ಹಾಗಂತ ಗೆರೆಗಳೆಲ್ಲ ಸುಳ್ಳು ಅಂತಲ್ಲ. ನನ್ನ ವಿಷಯದಲ್ಲಿ ಏನಾಯ್ತು ಹೇಳ್ತೀನಿ. ಒಬ್ಬ ಹಿರಿಯ ವೈದ್ಯರು ರಿಪೋರ್ಟ್ ಮಡಚಿಟ್ಟು ಮೊದಲು ಕೇಳಿದ್ದು, ಏನು ತಿಂತೀರಿ ಅಂತ. ಪಿಜಿ ಬಿಟ್ಟ ಮೇಲೂ ಅಭ್ಯಾಸ ಬಿಟ್ಟಿರಲಿಲ್ಲ: ಇಡ್ಲಿ, ಸಾಂಬಾರ್ ಅನ್ನ, ಕಪ್ಪು ಕಾಫಿ. ಮಾಂಸ, ಮೊಟ್ಟೆ ಇಲ್ಲ, ಹಾಲು ಮೊಸರೂ ಅಪರೂಪ. ಗಿಡದಿಂದ ಬರೋ ಆಹಾರದಲ್ಲಿ ನಂಬಬಹುದಾದಷ್ಟು ಬಿ12 ಇರಲ್ಲ. ಎರಡನೇ ಪ್ರಶ್ನೆ, ಯಾವ ಮಾತ್ರೆ ನುಂಗ್ತೀರಿ ಅಂತ. ಅಸಿಡಿಟಿ ಮಾತ್ರೆ, ವರ್ಷಗಳಿಂದ. ಅದೂ ಬಿ12 ಹೀರಿಕೊಳ್ಳೋದನ್ನು ತಗ್ಗಿಸಬಹುದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಹಾಗೇ. ಆಮೇಲೆ ಪಾದ ಮುಟ್ಟಿ ನೋಡಿ, ಬಿ12 ಇಂಜೆಕ್ಷನ್ ಆವತ್ತೇ ಶುರು ಮಾಡಿಸಿದರು. ನಾನೇ ಕೊಂಡು ನುಂಗ್ತಿದ್ದ ಫೋಲಿಕ್ ಆಮ್ಲ ಇರೋ ಮಾತ್ರೆಯನ್ನು, ಬಿ12 ಸರಿಮಾಡದೆ ಅದೊಂದನ್ನೇ ನಂಬಿಕೊಂಡು ಕೂರಬೇಡಿ ಅಂದರು. ಥೈರಾಯ್ಡ್‌ಗೆ ಏನೂ ಕೊಡಲಿಲ್ಲ. ಎರಡು ತಿಂಗಳು ಬಿಟ್ಟು ಟಿಎಸ್‌ಹೆಚ್ ಜೊತೆ ಟಿ4, ಥೈರಾಯ್ಡ್ ಆಂಟಿಬಾಡಿ ನೋಡೋಣ ಅಂದರು.

ಮೂರನೇ ಪ್ರಶ್ನೆ ನನಗೆ ನಗು ತರಿಸಿತು. ಕೂದಲಿಗೆ ಏನಾದರೂ ತಗೋತೀರಾ ಅಂತ. ಬೋರ್‌ವೆಲ್ ನೀರಲ್ಲಿ ಸ್ನಾನ ಮಾಡಿ ಕೂದಲು ಉದುರೋದು ಚೆನ್ನೈ ಕನ್ನಡಿಗರ ಸಾಮೂಹಿಕ ದುಃಖ ತಾನೇ, ಅದಕ್ಕೆ ಬಯೋಟಿನ್ ಮಾತ್ರೆ ನುಂಗೋರು ನಮ್ಮಲ್ಲಿ ಬಹಳ. ಬಯೋಟಿನ್ ಜಾಸ್ತಿ ಇದ್ದರೆ ಕೆಲವು ಯಂತ್ರಗಳಲ್ಲಿ ಟಿಎಸ್‌ಹೆಚ್ ಇರೋದಕ್ಕಿಂತ ಕಡಿಮೆ, ಟಿ4 ಇರೋದಕ್ಕಿಂತ ಹೆಚ್ಚು ತೋರಿಸಬಹುದು. 2017ರಲ್ಲೇ ಅಮೆರಿಕದ ಎಫ್‌ಡಿಎ ಈ ಬಗ್ಗೆ ಎಚ್ಚರಿಸಿದೆ. ಟಿಎಸ್‌ಹೆಚ್ ದಿನದೊಳಗೂ ಏರಿಳಿಯುತ್ತೆ, ರಾತ್ರಿ ಹೆಚ್ಚು, ಮಧ್ಯಾಹ್ನ ಕಡಿಮೆ. ಹಾಗಾಗಿ ಮರುಪರೀಕ್ಷೆಯನ್ನು ಅದೇ ಲ್ಯಾಬಲ್ಲಿ, ಅದೇ ಹೊತ್ತಿಗೆ ಮಾಡಿಸೋದು ಒಳ್ಳೇದು.

ಎರಡು ತಿಂಗಳ ಮೇಲೆ ನನ್ನ ಟಿಎಸ್‌ಹೆಚ್ 3.8. ಪಾದದ ಜೋಮು ಪೂರ್ತಿ ಹೋಗೋಕೆ ಇನ್ನೂ ನಾಲ್ಕು ತಿಂಗಳು ಹಿಡಿಯಿತು. ನರ ನಿಧಾನಕ್ಕೆ ಸರಿಹೋಗುತ್ತೆ, ಬಹಳ ತಡವಾದರೆ ಪೂರ್ತಿ ಸರಿಹೋಗದೆಯೂ ಇರಬಹುದು.

ನಾನು ವೈದ್ಯನಲ್ಲ, ನನ್ನ ಕಥೆ ನಿಮ್ಮ ಚಿಕಿತ್ಸೆಯೂ ಅಲ್ಲ. ಟಿಎಸ್‌ಹೆಚ್ 10 ದಾಟಿದ್ದರೆ, ಬಸುರಿಯಾಗಿದ್ದರೆ, ಮಗು ಬೇಕು ಅಂತಿದ್ದರೆ ಕಾಯಬೇಡಿ, ಕೂಡಲೇ ವೈದ್ಯರನ್ನು ಕಾಣಿ. ಈಗಾಗಲೇ ಮಾತ್ರೆ ತಗೋತಿರೋರು ಈ ವಿಡಿಯೋ ನೋಡಿ ನಿಲ್ಲಿಸಬೇಡಿ. ಇನ್ನೊಂದು ಮಾತು ಊರಲ್ಲಿರೋ ಅಪ್ಪ ಅಮ್ಮನ ಬಗ್ಗೆ. ಅವರ ರಿಪೋರ್ಟ್ ವಾಟ್ಸಾಪಲ್ಲಿ ಬಂದಾಗ ಇಲ್ಲಿಂದಲೇ ನಾವು ತೀರ್ಪು ಕೊಡ್ತೀವಿ. 65 ದಾಟಿದ, ಗಡಿಯಲ್ಲಿರೋ 700ಕ್ಕೂ ಹೆಚ್ಚು ಜನರ ಮೇಲೆ ಯುರೋಪಿನಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಮಾತ್ರೆ ತಗೊಂಡವರಿಗೂ ಸಕ್ಕರೆ ಗುಳಿಗೆಯಂಥ ಬರೀ ಗುಳಿಗೆ ತಗೊಂಡವರಿಗೂ ಸುಸ್ತಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಹಾಗಾಗಿ ಅಮ್ಮನಿಗೆ ಫೋನ್ ಮಾಡಿದಾಗ ಟಿಎಸ್‌ಹೆಚ್ ಎಷ್ಟು ಅಂತ ಕೇಳೋಕೆ ಮುಂಚೆ, ಹೇಗಿದೀಯಮ್ಮ, ಏನು ಊಟ ಮಾಡಿದೆ ಅಂತ ಕೇಳೋಣ. 1931ರಲ್ಲಿ ಗೋಷಾ ಆಸ್ಪತ್ರೆಯ ಮಂಚದ ಪಕ್ಕ ನಿಂತಿದ್ದ ಲೂಸಿ ವಿಲ್ಸ್‌ಗೆ ಬೇಕಾಗಿದ್ದದ್ದೂ ಅದೇ ಎರಡು ಪ್ರಶ್ನೆಗೆ ಉತ್ತರ.

ಮುಂದಿನ ಸಲ ಚೆಪಾಕ್‌ಗೆ ಮ್ಯಾಚಿಗೆ ಹೋದಾಗ ಆ ಗೇಟಿನ ಮುಂದೆ ಒಂದು ನಿಮಿಷ ನಿಂತು ಬನ್ನಿ.